ದೇವರ ಬೀಗತಿ

ಇಂಗ್ಲಿಷಿನಲ್ಲಿ ಬೈದರೆ ಅದು ಬೈಗುಳವಾಗುವುದಿಲ್ಲ ಎಂಬ ನಂಬಿಕೆ ಸುಭಾಷನಿಗೆ ಎಲ್ಲಿಂದ ಬಂತೋ ತಿಳಿಯದು. ಇದಕ್ಕಿಂತ ದುರ್ಬಲವಾದ ನಂಬಿಕೆಗಳ ಮೇಲೆ ಜನ ಸಂಸಾರಗಳನ್ನೇ ಕಟ್ಟಿದ್ದಾರೆ. ಆದರೆ ಅದರಿಂದ ಅವರ ಓಣಿಯ ನೀರು ನಿಂತದ್ದಿಲ್ಲ.

ಸುಭಾಷ ತಿಕೋಟಾದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜೊಂದರಲ್ಲಿ ಮೇಲ್ವಿಚಾರಕ. ಬೆಳಿಗ್ಗೆ ವಿಜಯಪುರದಿಂದ ಬಸ್ಸಿಗೆ ಹೋಗಿ, ಸಂಜೆ ಅಂಗಿಯ ತೋಳಿಗೆ ದ್ರಾಕ್ಷಿಯ ಅಂಟು ಮೆತ್ತಿಸಿಕೊಂಡು ಮರಳುವವನು. ಮಾಲೀಕ ಶ್ರೀಮಂತ ಸಾವಕಾರರಿಗೆ ಮಾಲನ್ನು ಪರದೇಶಕ್ಕೆ ಕಳಿಸುವ ಆಸೆ. “ದ್ರಾಕ್ಷಿ ಹೋಗೂಕಿಂತ ಮದಲ ನಿನ್ನ ನಾಲಿಗಿ ಹೋಗಬೇಕಲೇ” ಎಂದು ಅವರು ಅವನನ್ನು ಫೋನಿನಲ್ಲಿ ಕಲಿಸುವ ಇಂಗ್ಲಿಷ್ ಕೋರ್ಸಿಗೆ ಸೇರಿಸಿದ್ದರು. ದಿನ ಬೆಳಗಾದರೆ ಒಂದು ಹೊಸ ಶಬ್ದ ಬರುತ್ತಿತ್ತು. ಅದನ್ನು ಅಂದೇ ಯಾರ ಮೇಲಾದರೂ ಪ್ರಯೋಗಿಸಬೇಕು ಎಂಬುದು ಕೋರ್ಸಿನ ನಿಯಮ. ಸುಭಾಷ ನಿಯಮ ಮುರಿಯುವ ಮನುಷ್ಯನಲ್ಲ. ಹೆಂಡತಿ ಭಾಗ್ಯಾ ಹೆತ್ತ ದಿನ ಬಂದ ಶಬ್ದ ‘ಕನ್ಸೈನ್‌ಮೆಂಟ್’, ಅಂದರೆ ರವಾನೆಯ ಮಾಲು. ಬೀಗರಿಗೆಲ್ಲ ಅವನು ಫೋನು ಮಾಡಿ, ಕನ್ಸೈನ್‌ಮೆಂಟ್ ಸುರಕ್ಷಿತವಾಗಿ ಬಂದಿದೆ, ಹೆಣ್ಣು ಎಂದು ತಿಳಿಸಿದ್ದ.

ಆ ಸೋಮವಾರ ಬಂದ ಶಬ್ದ ‘ಗಾಸಿಪ್’.

ಈಗ ಓಣಿಯ ನೀರಿನ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕು. ನಳಕ್ಕೆ ನೀರು ಯಾವಾಗ ಬರುತ್ತದೆ ಎಂಬುದು ಯಾವ ಫಲಕದ ಮೇಲೂ ಇರಲಿಲ್ಲ. ವಾಲ್ವ್ ತಿರುಗಿಸುವ ಸಾಬಣ್ಣ ತನ್ನ ಉದ್ದನೆಯ ಕಬ್ಬಿಣದ ಕೀಲಿ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದ. ಬಂದವನು ಮೊದಲು ಹುಸೇನಬಿಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. “ಬಿಡ್ತೀನ್ರಿ ಅಕ್ಕಾ” ಎಂದು ಎದ್ದು ಹೋಗುತ್ತಿದ್ದ. ಅವನು ಓಣಿಯ ಮೂಲೆಯ ವಾಲ್ವನ್ನು ಮುಟ್ಟುವುದರೊಳಗೆ ಹುಸೇನಬಿ ಫೋನೆತ್ತಿ ‘ಓಣಿ ಬಳಗ’ ಎಂಬ ವಾಟ್ಸ್ಯಾಪ್ ಗುಂಪಿಗೆ ತನ್ನ ಧ್ವನಿಯನ್ನು ಕಳಿಸಿರುತ್ತಿದ್ದಳು. ಮನೆಮನೆಯಲ್ಲಿ ಕೊಡಗಳು ನಳದ ಬಾಯಿಗೆ ಬರುತ್ತಿದ್ದವು.

ಹುಸೇನಬಿ ದಿನವಿಡೀ ಆ ಕಟ್ಟೆಯ ಮೇಲೆ ಕೂತು ಹಳೆಯ ಸೀರೆಗಳಿಂದ ಕೌದಿ ಹೊಲಿಯುವವಳು. ಹೊಸ ಮದುವಣಗಿತ್ತಿಯಾಗಿ ಈ ಓಣಿಗೆ ಬಂದಾಗ ಅವಳಿಗೆ ಕೌದಿ ಹೊಲಿಯಲು ಕಲಿಸಿದವಳು ಸುಭಾಷನ ತಾಯಿ ಹೊಳೆವ್ವ. ಕಲಿಕೆಯ ಫೀ ಎಂಬಂತೆ ಹುಸೇನಬಿ ಸುಭಾಷನನ್ನು ಅಂಗನವಾಡಿಗೆ ಸೊಂಟದ ಮೇಲೆ ಹೊತ್ತು ಒಯ್ದಿದ್ದಳು. ಹೊಳೆವ್ವ ತೀರಿಹೋಗಿ ವರ್ಷಗಳಾದವು. ಸುಭಾಷನಿಗೆ ಅಕ್ಕ ಎಂದು ಕರೆಯಲು ಉಳಿದವಳು ಇವಳೊಬ್ಬಳೇ. ಕಣ್ಣು ಸೂಜಿಯ ಮೇಲೆ, ಕಿವಿ ಓಣಿಯ ಮೇಲೆ ಇಟ್ಟ ಹೆಂಗಸು. ಹಾಗಾಗಿ ಅವಳ ಸಂದೇಶಗಳಲ್ಲಿ ನೀರಿನ ಜೊತೆ ಬೇರೆ ಸರಕೂ ಹರಿದು ಬರುತ್ತಿತ್ತು. ಆ ಸೋಮವಾರ ಬಂದದ್ದು ಇದು:

“ನೀರ ಬಿಟ್ಟಾನ್ರಿ ಸಾಬಣ್ಣ, ಕೊಡಾ ಹಚ್ರಿ. ಗ್ಯಾಸಿನ ಗಾಡಿ ಆ ಕಡಿ ಓಣ್ಯಾಗ ಐತಿ, ಈ ಕಡಿ ಬರ್ತೈತಿ. ಕಾಶಿಬಾಯಿ ಅತ್ತಿಯ ಬಿಪಿ ಇಳದೈತಿ, ಆದ್ರ ಬಾಯಿ ಇಳದಿಲ್ಲ. ಸುಭಾಷಾ, ನಿನ್ನ ಒಣಹಾಕಿದ್ದ ಪ್ಯಾಂಟ್ ಗಟರದಾಗ ಬಿದ್ದೈತಿ, ಎತ್ತಿ ಇಟ್ಟೇನಿ.”

ಓಣಿಯ ಎಲ್ಲರಿಗೂ ತನ್ನ ಪ್ಯಾಂಟಿನ ಸ್ಥಿತಿ ಗೊತ್ತಾದ ಆ ಕ್ಷಣದಲ್ಲಿ, ತಿಕೋಟಾ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದ ಸುಭಾಷನಿಗೆ ದಿನದ ಶಬ್ದ ನೆನಪಾಯಿತು. ಇಂಗ್ಲಿಷಿನಲ್ಲಿ ಉತ್ತರ ಬರೆದ: ‘ಹುಸೇನಬಿ ಅಕ್ಕ ಈಸ್ ದಿ ಗ್ರೇಟೆಸ್ಟ್ ಗಾಸಿಪ್ ಆಫ್ ಅವರ್ ಓಣಿ.’ ಮುಂದೆ ಒಂದು ನಗುವ ಮುಖ ಹಾಕಿದ. ಪಾಠ ಮುಗಿಸಿದ ತೃಪ್ತಿಯಲ್ಲಿ ನಿದ್ದೆ ಹೋದ.

ಎದುರುಮನೆಯ ಕಾಶಿಬಾಯಿ ಆ ಗುಂಪಿನ ಅಡ್ಮಿನ್. ಅಡ್ಮಿನ್ ಎಂದರೆ ಜವಾಬ್ದಾರಿ ಎಂದು ತಿಳಿದಿದ್ದ ಆಕೆ ಫೋನು ಹಿಡಿದು ಹುಸೇನಬಿಯ ಕಟ್ಟೆಗೇ ಬಂದಳು.

“ನಿನ್ನ ತಮ್ಮ ಏನೋ ಬರದಾನ ನೋಡಬೇ. ಗ್ರೇಟ್ ಅಂತ ಐತಿ, ಅಲ್ಲೀತನ ನನಗ ತಿಳೀತು.”

ಹುಸೇನಬಿ ಹಿಗ್ಗಿದಳು. ಕಾಲೇಜಿಗೆ ಹೊರಟಿದ್ದ ಮಗಳು ಸಮ್ರೀನಳನ್ನು ಕರೆದಳು. ಸಮ್ರೀನ ಓದಿ ಫೋನು ಮರಳಿಸಿದಳು. ಬಸ್ಸಿಗೆ ಹೊತ್ತಾಯಿತು ಎಂದಳು. ತಾಯಿ ಸೂಜಿ ಹಿಡಿದ ಕೈಯಲ್ಲೇ ಅವಳ ದುಪಟ್ಟಾ ಹಿಡಿದಳು.

“ಹೇಳಿ ಹೋಗ.”

“ಅಮ್ಮೀ, ಅದು... ಕಂಡಾವರ ಮನಿ ಸುದ್ದಿ ಹಬ್ಬಸಾವ್ರಿಗೆ ಅಂತಾರ.”

ಹುಸೇನಬಿಯ ತೊಡೆಯ ಮೇಲೆ ಒಂದು ಪುಟ್ಟ ಕೌದಿ ಇತ್ತು, ತೊಟ್ಟಿಲಿನ ಅಳತೆಯದು. ಅದನ್ನು ನಾಲ್ಕು ಮಡಿಕೆ ಮಾಡಿ ಟ್ರಂಕಿನೊಳಗೆ ಇಟ್ಟು ಬಂದಳು. ಯಾರದೋ ದೊಡ್ಡ ಕೌದಿ ಎಳೆದುಕೊಂಡು ಹೊಲಿಯತೊಡಗಿದಳು. ಅಂದಿನಿಂದ ಗುಂಪಿಗೆ ಅವಳ ಧ್ವನಿ ಬರಲಿಲ್ಲ.

ಮುಂದಿನ ಸಲ ಸಾಬಣ್ಣ ಬಂದ, ಚಹಾ ಕುಡಿದ, “ಬಿಡ್ತೀನ್ರಿ ಅಕ್ಕಾ” ಎಂದು ಹೋದ. ಹುಸೇನಬಿ ತನ್ನ ಮನೆಯ ಡ್ರಮ್ಮು ತುಂಬಿಕೊಂಡಳು, ಬಾಗಿಲು ಮುಂದೆ ಮಾಡಿದಳು. ನಳಗಳು ತಮ್ಮ ಪಾಡಿಗೆ ಗಟಾರಿಗೆ ಸುರಿದು, ಕೆಮ್ಮಿ, ನಿಂತವು. ಒಬ್ಬ ಮುದುಕನಿಗೆ ಮಾತ್ರ ಶಬ್ದ ಕೇಳಿಸಿತ್ತು. ಆತ ಅದನ್ನು ಮಳೆ ಎಂದು ತಿಳಿದು ಸಂತೋಷಪಟ್ಟು ಮಗ್ಗಲು ಬದಲಿಸಿದ್ದ. ಸಂಜೆ ನಿಜಸ್ಥಿತಿ ತಿಳಿದಾಗ ಇಡೀ ಓಣಿ ಖಾಲಿ ಕೊಡ ಹಿಡಿದು ಕಟ್ಟೆಯ ಮುಂದೆ ನಿಂತಿತು.

“ಒಂದ ಮಾತ ಹೇಳಬಾರ್ದೇನಬೇ?” ಕಾಶಿಬಾಯಿ ಕೇಳಿದಳು.

“ಸುದ್ದಿ ಹಬ್ಬಸೂದು ಛಲೋ ಅಲ್ಲಂತ. ಇಂಗ್ಲಿಷಿನ್ಯಾಗ ಬರದೈತಿ.”

ಹುಸೇನಬಿಯ ಗಂಡ ಗೈಬುಸಾಬ ಗೂಡ್ಸ್ ಆಟೋ ಒರೆಸುತ್ತ, “ನನಗೂ ಏನೂ ಹೇಳವಲ್ಲಳ್ರಿ. ಎರಡ ದಿನ ಆತು, ಓಣ್ಯಾಗ ಏನ ನಡದೈತಿ ನನಗ ಗೊತ್ತಿಲ್ಲ. ಕುರುಡ ಆದಂಗ ಆಗೇತಿ” ಎಂದ.

ಓಣಿಯ ಕೋಪ ಒಮ್ಮತದಿಂದ ಸುಭಾಷನ ಕಡೆ ತಿರುಗಿತು. ಅವನು ಬಸ್ಸಿಳಿದು ಬರುವುದರೊಳಗೆ ಕಾಶಿಬಾಯಿ ಅವನನ್ನು ಗುಂಪಿನಿಂದ ತೆಗೆದು ಹಾಕಿದ್ದಳು. ಹಾಗೆ ತೆಗೆಯಲ್ಪಟ್ಟವರಲ್ಲಿ ಅವನೇ ಮೊದಲಿಗ. ಬಾಡಿಗೆ ಕೊಡದೆ ಓಡಿಹೋದ ಫಕ್ರುದ್ದೀನ ಕೂಡ ಇನ್ನೂ ಗುಂಪಿನಲ್ಲಿದ್ದ, ಹಬ್ಬಕ್ಕೆ ಶುಭಾಶಯ ಕಳಿಸುತ್ತಿದ್ದ.

ನೀರು ಹೋಯಿತು ಎಂದು ಸುಭಾಷನಿಗೆ ದುಃಖವಾಗಲಿಲ್ಲ. ಅವನ ಹೆಂಡತಿ ಕೂಸಿನೊಂದಿಗೆ ತವರು ಬಬಲೇಶ್ವರದಲ್ಲಿದ್ದಳು. ಒಬ್ಬ ಗಂಡಸಿಗೆ ಎಷ್ಟು ನೀರು ಬೇಕು. ಆದರೆ ಮುಂದಿನ ವಾರದ ಗುರುವಾರ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯವಿತ್ತು. ಹೆಸರಿಡುವವಳು ಸೋದರತ್ತೆ, ಅಂದರೆ ತಂದೆಯ ಅಕ್ಕ ಅಥವಾ ತಂಗಿ. ಅವಳು ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರನ್ನು ಉಸುರಬೇಕು. ಉಸುರುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಮುಷ್ಟಿಯಿಂದ ಗುದ್ದಬೇಕು. ಹೆಸರು ಕೂಸಿಗೆ, ಗುದ್ದು ಅತ್ತೆಗೆ, ಸೀರೆಯೂ ಅತ್ತೆಗೆ. ಸುಭಾಷ ತಾಯಿಗೆ ಒಬ್ಬನೇ ಮಗ. ಹಾಗಾಗಿ ಗುದ್ದು ತಿನ್ನುವ ಹಕ್ಕು ಹುಸೇನಬಿಗೆ ಸೇರಬೇಕೆಂದು ಭಾಗ್ಯಾ ಮೊದಲೇ ತೀರ್ಮಾನಿಸಿದ್ದಳು.

ಕೂಸಿನ ಹೆಸರನ್ನೂ ಸುಭಾಷ ತೀರ್ಮಾನಿಸಿದ್ದ: ಆಲಿವಿಯಾ. ಮಾವ ಯಲಗೂರಪ್ಪ ಅದನ್ನು ಕೇಳಿ, “ಅದು ಕೂಸಿಗೆ ಹಚ್ಚೂ ಎಣ್ಣಿ ಅಲ್ಲೇನೋ?” ಎಂದಿದ್ದ. ಸುಭಾಷ ಅದನ್ನು ಹಳ್ಳಿಯ ಅಜ್ಞಾನ ಎಂದು ಕ್ಷಮಿಸಿದ್ದ.

ಅಂದು ರಾತ್ರಿ ಊಟದ ಹೊತ್ತಿಗೆ ಭಾಗ್ಯಾಳ ಫೋನು ಬಂತು.

“ಅಕ್ಕ ಬರಂಗಿಲ್ಲಂತ. ಸಮ್ರೀನ ಹೇಳಿದ್ಲು. ಏನ ಬರದೀರಿ ನೀವು?”

“ಒಂದ ಶಬ್ದ ಬರದೀನಿ. ಕೋರ್ಸಿಂದು.”

“ಆ ಕೋರ್ಸಿಗೆ ಬೆಂಕಿ ಹಚ್ರಿ. ಅಕ್ಕ ಬಂದು ಕುರ್ರ್ ಅನ್ನೂತನ ನಾ ಕೂಸಿನ್ನ ತೊಟ್ಲದಾಗ ಹಾಕಂಗಿಲ್ಲ. ತೊಟ್ಲದಾಗ ಹಾಕೂತನ ವಿಜಯಪುರಕ್ಕ ಬರಂಗಿಲ್ಲ.”

“ಕಾಶಿಬಾಯಿನ್ನ ಕರಕೊಂಡ ಬಂದ್ರ...”

“ನನಗ ಬ್ಯಾನಿ ಸುರುವಾದಾಗ ನೀವೆಲ್ಲಿದ್ರಿ?”

ಆ ದಿನ ಸುಭಾಷ ತಿಕೋಟಾದಲ್ಲಿ ದ್ರಾಕ್ಷಿಯ ಪೆಟ್ಟಿಗೆಗಳ ನಡುವೆ ಇದ್ದ.

“ಆಟೋದಾಗ ಹಾಕ್ಕೊಂಡು ದವಾಖಾನಿಗೆ ಒಯ್ದಾಕಿ ಯಾರು? ಬೆಳತನ ನನ್ನ ತಲಿ ಹತ್ರ ಕುಂತು ಓಣಿ ಸುದ್ದಿ ಎಲ್ಲಾ ಹೇಳಿದ್ಲು. ಫಕ್ರುದ್ದೀನ ಹ್ಯಾಂಗ ಓಡಿಹೋದ ಅನ್ನೂದ್ರಾಗ ನನ್ನ ಬ್ಯಾನಿ ಮರ್ತು ಹೋಗಿತ್ತು. ನರ್ಸಬಾಯಿನೂ ಕುಂತು ಕೇಳಿದ್ಲು. ಫೋನ್ ಇಡ್ತೀನಿ.”

ಮರುದಿನ ಸುಭಾಷ ತಿಕೋಟಾದಿಂದ ಬರುತ್ತ ತೊರವಿಯಲ್ಲಿ ಬಸ್ಸಿಳಿದ. ಕೈಯಲ್ಲಿ ಒಣದ್ರಾಕ್ಷಿಯ ಪೊಟ್ಟಣವಿತ್ತು. ಹೈಸ್ಕೂಲಿನಲ್ಲಿ ಅವನಿಗೆ ಇಂಗ್ಲಿಷ್ ಕಲಿಸಿದ್ದ ಸಂಗನಬಸವ ಮಾಸ್ತರರು ನಿವೃತ್ತರಾಗಿ ಅಲ್ಲಿ ಮನೆ ಕಟ್ಟಿಸಿದ್ದರು. ಈ ಶಬ್ದಕ್ಕೆ ಕೋರ್ಸಿನವರು ಹೇಳದ ಒಳ್ಳೆಯ ಅರ್ಥವೇನಾದರೂ ಇದ್ದೀತೇ ಎಂದು ಕೇಳುವುದು ಅವನ ಯೋಜನೆ. ಮಾಸ್ತರರ ಹೆಂಡತಿ ಬಾಗಿಲಲ್ಲೇ ತಡೆದಳು.

“ಏನ ಬೇಕಾದ್ದ ಕೇಳಪಾ, ಶಬ್ದದ ಅರ್ಥ ಒಂದ ಕೇಳಬ್ಯಾಡ. ಒಲಿ ಮ್ಯಾಲ ಹಾಲ ಇಟ್ಟೀನಿ, ಅವ್ರೇ ನೋಡ್ಕೋಬೇಕು.”

ಅಷ್ಟರಲ್ಲಿ ಒಳಗಿನಿಂದ, “ಯಾವ ಶಬ್ದ?” ಎಂಬ ಧ್ವನಿ ಕೇಳಿತು.

ನಿವೃತ್ತಿಯಾದ ಮೇಲೆ ಯಾರೂ ಏನನ್ನೂ ಕೇಳದೆ ಮಾಸ್ತರರ ಜ್ಞಾನ ಗೋದಾಮಿನ ಮಾಲಿನಂತೆ ಒಳಗೇ ಕೂತಿತ್ತು. ಶಬ್ದ ಕೇಳಿದೊಡನೆ ಅವರು ಚಾಪೆಯ ಮೇಲೆ ಕೂತು, ಪೊಟ್ಟಣ ಬಿಚ್ಚಿ, ದ್ರಾಕ್ಷಿಯೊಂದನ್ನು ಚಾಪೆಯ ಅಂಚಿಗೆ ಇಟ್ಟರು.

“ಇದು ಸಾವಿರ ವರ್ಷದ ಹಿಂದಿಂದು. ಆಗ ಈ ಶಬ್ದ ಹಿಂಗ ಇದ್ದಿಲ್ಲ. ‘ಗಾಡ್‌ಸಿಬ್’ ಅಂತ ಇತ್ತು. ಗಾಡ್ ಅಂದ್ರ ದೇವ್ರು. ಸಿಬ್ ಅಂದ್ರ ಬಂಧು. ಅವರಲ್ಲಿ ಕೂಸಿಗೆ ಚರ್ಚಿನ್ಯಾಗ ಹೆಸರಿಡೂಮುಂದ ಹೊರಗಿನವರೊಬ್ರು ಮುಂದ ನಿಂತು, ಈ ಕೂಸು ನಂದೂ ಹೌದು ಅಂತ ಮಾತ ಕೊಡ್ತಿದ್ರು. ರಕ್ತಸಂಬಂಧ ಇಲ್ಲ, ಏನಿಲ್ಲ. ಅವತ್ತಿಂದ ಅವರು ತಂದೆತಾಯಿಗೆ ದೇವರ ಕಡಿಂದ ಬೀಗರು.”

“ಗಾಸಿಪ್ ಅಂದ್ರ ದೇವರ ಬೀಗರು?” ಸುಭಾಷನ ಬಾಯಿ ತೆರೆದೇ ಉಳಿಯಿತು.

“ತಡಿ.” ಮಾಸ್ತರರು ಎರಡನೆಯ ದ್ರಾಕ್ಷಿ ಇಟ್ಟರು. “ಆಮ್ಯಾಲ ಬರೇ ಜೀವದ ಗೆಳ್ಯಾ, ಗೆಳತಿ ಅನ್ನೂ ಅರ್ಥ ಬಂತು.” ಮೂರನೆಯದನ್ನು ಇಟ್ಟರು. “ಆಮ್ಯಾಲ, ಬಸುರಿಗೆ ಬ್ಯಾನಿ ಬಂದಾಗ ಕೂಡ್ತಿದ್ರಲ್ಲ ಓಣಿ ಹೆಣಮಕ್ಕಳು, ಅವರಿಗೆ ಈ ಹೆಸರಾತು. ಬಾಗಲಾ ಹಾಕ್ಕೊಂಡು, ಬಿಸಿ ಏನರ ಕುಡಕೋತ, ಆಕಿ ತಲಿ ಹತ್ರ ಕುಂತು ಕೂಸು ಹುಟ್ಟೂತನ ಮಾತಾಡ್ತಿದ್ರು. ಗಂಡಸರಿಗೆ ಒಳಗ ಬಿಡ್ತಿದ್ದಿಲ್ಲ.”

ಪೊಟ್ಟಣದ ಕಡೆ ಚಾಚಿದ್ದ ಸುಭಾಷನ ಕೈ ಅಲ್ಲೇ ನಿಂತಿತು.

“ಆಮ್ಯಾಲ ಮಾತಾಡಾಕಿಗೆ ಆ ಹೆಸರು.” ನಾಲ್ಕನೆಯದು. “ಕಡೀಕ ಆ ಮಾತಿಗೇ ಆ ಹೆಸರು.” ಐದನೆಯದು. “ಹಿಂಗ ಶಬ್ದ ಸಾವಿರ ವರ್ಷ ನಡಕೋತ ಬಂದು ನಿನ್ನ ಫೋನಿಗೆ ಮುಟ್ಟೇತಿ.”

ಮಾಸ್ತರರು ಇನ್ನೂ ಸ್ವಲ್ಪ ಹೊತ್ತು ಮಾತಾಡಿದರು. ಮಾತಾಡುತ್ತ ಮರೆವಿನಲ್ಲಿ ದ್ರಾಕ್ಷಿಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಂಡರು. ದೇವರ ಬೀಗರು ಹೋದರು, ಜೀವದ ಗೆಳತಿ ಹೋದಳು, ಬಾಣಂತಿಕೋಣೆ ಹೋಯಿತು, ಮಾತಾಡುವವಳೂ ಹೋದಳು. ಚಾಪೆಯ ಮೇಲೆ ಕೊನೆಯ ದ್ರಾಕ್ಷಿ ಮಾತ್ರ ಉಳಿಯಿತು. ಒಳಗೆ ಹಾಲು ಉಕ್ಕಿತು.

ಜ್ಞಾನ ಪಡೆದ ಮನುಷ್ಯ ಅದನ್ನು ಒಂದು ರಾತ್ರಿ ತನ್ನಲ್ಲಿಟ್ಟುಕೊಂಡು ಮಲಗಿದರೆ ಲೋಕದ ಅರ್ಧ ಅನಾಹುತ ತಪ್ಪುತ್ತದೆ. ಸುಭಾಷ ಓಣಿಗೆ ಬಂದಾಗ ಎಲ್ಲರೂ ಟ್ಯಾಂಕರಿನ ಮುಂದೆ ಸಾಲು ನಿಂತಿದ್ದರು. ಅವನು ಟ್ಯಾಂಕರಿನ ಮೆಟ್ಟಿಲೇರಿ ಘೋಷಿಸಿದ.

“ನಾ ಅಕ್ಕಗ ಬೈದಿಲ್ಲರಿ. ನಾ ಬರದದ್ದು ಹಳೇ ಅರ್ಥದಾಗ. ಸಾವಿರ ವರ್ಷದ ಹಿಂದ ಗಾಸಿಪ್ ಅಂದ್ರ ದೇವರ ಬೀಗರು. ತೊರವಿ ಮಾಸ್ತರ್ರು ಹೇಳ್ಯಾರ.”

ಯಾರೂ ನಂಬಲಿಲ್ಲ. “ಕೆಳಗಿಳಿ, ಪೈಪ್ ತುಳದೀ” ಎಂದರು. ಕಟ್ಟೆಯ ಮೇಲಿದ್ದ ಹುಸೇನಬಿ ತಲೆ ಎತ್ತಲಿಲ್ಲ. ಕಾಶಿಬಾಯಿಗೆ ಮಾತ್ರ ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಹುಸೇನಬಿ ಸುಮ್ಮನಾದ ಮೇಲೆ ಓಣಿಯಲ್ಲಿ ಸುದ್ದಿಯ ಬರಗಾಲ ಬಿದ್ದಿತ್ತು. ಸಿಕ್ಕ ಒಂದು ಸುದ್ದಿಯನ್ನು ಹಾಳು ಮಾಡುವುದು ಅವಳಿಂದ ಆಗಲಿಲ್ಲ. ತಿಕೋಟಾದ ತಂಗಿಗೆ ಫೋನು ಮಾಡಿದಳು. ಆದರೆ ಹುಸೇನಬಿಗೆ ಇದ್ದ ಕಸುಬುದಾರಿಕೆ ಇವಳಿಗಿರಲಿಲ್ಲ. ಹುಸೇನಬಿ ಸುದ್ದಿಯನ್ನು ಇದ್ದ ಹಾಗೆ ದಾಟಿಸುತ್ತಿದ್ದಳು. ಕಾಶಿಬಾಯಿ ಅದಕ್ಕೆ ಒಗ್ಗರಣೆ ಹಾಕಿದಳು.

ಮರುದಿನ ಶ್ರೀಮಂತ ಸಾವಕಾರರು ಸುಭಾಷನನ್ನು ಕೋಣೆಗೆ ಕರೆದು ಧ್ವನಿ ತಗ್ಗಿಸಿದರು. “ನಿಮ್ಮ ಬಾಜೂಮನ್ಯಾಗ ಒಬ್ರು ದೇವರ ಸಂಬಂಧದವರು ಅದಾರಂತ. ಸಾವಿರ ವರ್ಷದ ಹಿಂದಿನ ಇಂಗ್ಲಿಷ್ ಪುಸ್ತಕದಾಗ ಹೆಸರ ಐತಂತ. ನಮ್ಮ ಕಂಟೇನರ್ ಯಾವಾಗ ಹೋಗ್ತೈತಿ ಒಂದ ಮಾತ ಕೇಳಿಕೊಂಡ ಬಾ.”

ಅದೇ ಹೊತ್ತಿಗೆ ಮಮದಾಪುರದ ಮೊದಲ ಬಸ್ಸಿನಲ್ಲಿ ಬಂದ ಹೆಂಗಸೊಬ್ಬಳು ಓಣಿಯಲ್ಲಿ ವಿಚಾರಿಸುತ್ತಿದ್ದಳು: “ದೇವರ ಬೀಗತಿ ಮನಿ ಯಾವುದ್ರಿ? ನಮ್ಮ ಆಡು ಮೂರು ದಿನದಿಂದ ಮೇವು ಮುಟ್ಟಿಲ್ಲ.” ಅವಳ ಹಿಂದೆ ಸಾರವಾಡದ ಇಬ್ಬರು, ಟ್ರ್ಯಾಕ್ಟರ್ ಕೊಳ್ಳಬೇಕೋ ಬೇಡವೋ ಎಂದು ಕೇಳುವವರು. ಮಧ್ಯಾಹ್ನದ ಹೊತ್ತಿಗೆ ಕಟ್ಟೆಯ ಮೇಲೆ ತೆಂಗಿನಕಾಯಿ, ಊದುಬತ್ತಿ, ಸಕ್ಕರೆಯ ಪುಡಿಕೆಗಳು ಸೇರಿದವು. ಹುಸೇನಬಿ ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಅದರಿಂದ ಜನರ ಭಕ್ತಿ ಇನ್ನೂ ಹೆಚ್ಚಿತು.

“ಮೌನ ಹಿಡದಾರ” ಎಂದು ಸಾರವಾಡದವನು ಪಿಸುಗುಟ್ಟಿದ.

“ಸೋಮಾರದಿಂದ ಹಿಡದಾಳ” ಎಂದ ಗೈಬುಸಾಬ. “ಒಳಗಿಂದ ಚಾ ಬರ್ತೈತೇನು ಕೇಳ್ರಿ. ನನ್ನ ಮಾತಿಗೆ ಬಾಗಲಾ ತಗ್ಯಾಂಗಿಲ್ಲ ಆಕಿ.”

ಸಂಜೆ ಒಂದು ಕಚೇರಿಯಿಂದ ಸಾಹೇಬರೊಬ್ಬರು ಮೋಟಾರ್‌ಸೈಕಲ್ಲಿನ ಮೇಲೆ ಬಂದರು. ಗಟಾರಿನ ಮೇಲೆ ಅನುಮತಿಯಿಲ್ಲದೆ ಪೂಜಾಸ್ಥಾನ ಎದ್ದಿದೆ ಎಂದು ಯಾರೋ ದೂರು ಕೊಟ್ಟಿದ್ದರು. ಸಾಹೇಬರು ತೆಂಗಿನಕಾಯಿಗಳನ್ನು ನೋಡಿದರು.

“ಇದು ಗುಡಿನೋ, ದರ್ಗಾನೋ?”

“ಕೌದಿ ಹೊಲಿಯೂ ಕಟ್ಟಿ, ಸಾಹೇಬ್ರ” ಎಂದ ಗೈಬುಸಾಬ.

“ಮತ್ತ ಕಾಯಿ?”

“ಚಟ್ನಿಗೆ.”

“ಇಲ್ಲಿ ಯಾರೋ ದೇವರ ಬೀಗತಿ ಅಂತ...”

ಕಾಶಿಬಾಯಿ ಮುಂದೆ ಬಂದಳು. “ಇಂಗ್ಲಿಷಿನ್ಯಾಗ ಅಷ್ಟರಿ ಸಾಹೇಬ್ರ. ಕನ್ನಡದಾಗ ಇನ್ನಾ ಆಗಿಲ್ಲ.”

ಸಾಹೇಬರು ಬಹಳ ಹೊತ್ತು ಯೋಚಿಸಿದರು. ಇಂಗ್ಲಿಷಿನ ದೇವರು ತಮ್ಮ ವಿಭಾಗಕ್ಕೆ ಬರುವುದಿಲ್ಲ ಎಂಬ ನಿರ್ಧಾರಕ್ಕೆ ಬಂದು, ಹೋಗುವಾಗ ಒಂದು ಕಾಯಿ ತೆಗೆದುಕೊಂಡು ಹೋದರು.

ಮೋಟಾರ್‌ಸೈಕಲ್ಲಿನ ಸದ್ದು ಮರೆಯಾದ ಮೇಲೆ ಅಗುಳಿ ತೆರೆಯಿತು. ಹುಸೇನಬಿ ಹೊಸ್ತಿಲ ಮೇಲೆ ನಿಂತು, ಆಗತಾನೆ ತಿಕೋಟಾದಿಂದ ಬಂದಿದ್ದ ಸುಭಾಷನನ್ನು ನೋಡಿದಳು. ಮಾತಾಡದೆ ಉಳಿದ ದಿನಗಳ ಮಾತೆಲ್ಲ ಅವಳ ಮುಖದಲ್ಲಿ ಗುಂಪು ಕೂಡಿತ್ತು.

“ಸೋಮಾರ ಚಾಡಿಕೋರಿ ಮಾಡಿದಿ. ಇವತ್ತ ದೇವರ ಬೀಗತಿ ಮಾಡಿದಿ. ನಡುವ ಒಂದ ದಿನ ಬರೇ ಹುಸೇನಬಿ ಆಗಿ ಇರಾಕ ಬಿಡ್ತೀಯೇನಪಾ?”

ಸುಭಾಷ ಕಟ್ಟೆಯ ತುದಿಯಲ್ಲಿ ಕೂತ. ಅವನಿಗೆ ಬಂದ ಎಲ್ಲ ಇಂಗ್ಲಿಷೂ ಆಗ ಮರೆತುಹೋಗಿತ್ತು. ಅದೊಂದು ಒಳ್ಳೆಯ ಲಕ್ಷಣ.

ಹುಸೇನಬಿ ಒಳಗೆ ಹೋಗಲಿಲ್ಲ. ಹೋಗುವುದು ಅವಳಿಗೆ ಸಾಧ್ಯವೂ ಇರಲಿಲ್ಲ. ಅವಳ ದೌರ್ಬಲ್ಯ ಓಣಿಗೆಲ್ಲ ಗೊತ್ತಿತ್ತು: ಅರ್ಧ ಕೇಳಿದ ಸುದ್ದಿ ಅವಳಿಗೆ ಕಣ್ಣಲ್ಲಿ ಬಿದ್ದ ಕಸ. ನಿನ್ನೆ ಸಂಜೆಯಿಂದ ಬಂದವರೆಲ್ಲ ಅರ್ಧರ್ಧ ಹೇಳಿ ಹೋಗಿದ್ದರು. ಅವಳು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಕೂತಳು.

“ಆ ಮಾಸ್ತರ ಏನ ಹೇಳಿದ್ರು? ಬುಡದಿಂದ ಹೇಳು. ಕಾಶಿಬಾಯಿಗತೆ ಹೇಳಬ್ಯಾಡ.”

ಸುಭಾಷ ಬುಡದಿಂದ ಹೇಳಿದ. ಹೆಸರಿಡುವಾಗ ಮುಂದೆ ನಿಂತು ಮಾತು ಕೊಡುವವರು. ಜೀವದ ಗೆಳತಿ. ಬಾಣಂತಿಕೋಣೆ.

“ತಡಿ. ಬ್ಯಾನಿ ಬಂದಾಕಿ ತಲಿ ಹತ್ರ ಕುಂತು ಏನ ಮಾತಾಡ್ತಿದ್ರಂತ?”

“ಅದು ಯಾರಿಗೂ ಗೊತ್ತಿಲ್ಲಕ್ಕಾ. ಗಂಡಸರಿಗೆ ಒಳಗ ಬಿಡ್ತಿದ್ದಿಲ್ಲಂತ.”

“ಹೊರಗ ನಿಂತಿದ್ರು?”

“ನಿಂತಿರಬೇಕು.”

“ಅರ್ಥದ ಪುಸ್ತಕ ಬರದಾವ್ರು ಯಾರು?”

ಸುಭಾಷ ಯೋಚಿಸಿದ. “ಗಂಡಸರಽ ಇರಬೇಕು.”

ಹುಸೇನಬಿ ಹಲ್ಲಿನಲ್ಲಿ ದಾರ ಕಡಿದಳು. ಅವಳ ಹೊಟ್ಟೆಯೊಳಗಿಂದ ನಗು ಎದ್ದು ಬಂತು. ನಳದಲ್ಲಿ ನೀರಿಗಿಂತ ಮುಂಚೆ ಗಾಳಿ ಬರುತ್ತದಲ್ಲ, ಹಾಗೆ.

“ಹಂಗಾದ್ರ ಅದು ಬಾಗಲದಾಗ ನಿಂತಾವ್ರು ಇಟ್ಟ ಹೆಸರು. ಒಳಗ ಏನ ನಡದೈತಿ ತಿಳೀಲಿಲ್ಲ, ಹೊಟ್ಟಿ ಉರೀತು. ಪಾಪ.” ಆಮೇಲೆ ನಗು ನಿಲ್ಲಿಸಿ ಕೇಳಿದಳು, “ನೀ ಬರದಾಗ ಯಾವ ಅರ್ಥ ಇತ್ತು ಮನಸಿನ್ಯಾಗ?”

“ಕಡೀದು, ಅಕ್ಕಾ.”

“ಗೊತ್ತಿತ್ತು ನನಗ. ನಿನ್ನ ಪ್ಯಾಂಟ್ ಸುದ್ದಿ ಹೇಳಿದ್ದಕ್ಕ ಸಿಟ್ಟ ಬಂದಿತ್ತು ನಿನಗ. ಎತ್ತಲಿಲ್ಲಂದ್ರ ಆಡು ತಿಂತಿತ್ತು ಅದನ್ನ.” ಅವಳು ಎದ್ದಳು. “ಗುರುವಾರ ಬರ್ತೀನಿ. ನಿನ್ನ ಸಲುವಾಗಿ ಅಲ್ಲ, ಭಾಗ್ಯಾನ ಸಲುವಾಗಿ. ಆದ್ರ ಹೆಸರಿಡೂಮುಂದ ಗಂಡಸರೆಲ್ಲಾ ಹೊರಗ. ಇಂಗ್ಲಿಷ್ ಪದ್ಧತಿ.”

ಗುರುವಾರ ಬಬಲೇಶ್ವರದಲ್ಲಿ ಆ ಪದ್ಧತಿ ಜಾರಿಗೆ ಬಂತು. ತೊಟ್ಟಿಲು ಕಟ್ಟಿದ ಪಡಸಾಲೆಯಿಂದ ಗಂಡಸರನ್ನೆಲ್ಲ ಹೊರಗೆ ಹಾಕಿ ಹುಸೇನಬಿ ಬಾಗಿಲು ಮುಚ್ಚಿದಳು. ಮುಚ್ಚುವ ಮುನ್ನ ಅವಳ ಕೈಯಲ್ಲಿದ್ದ ಪುಟ್ಟ ಕೌದಿ ಸುಭಾಷನ ಕಣ್ಣಿಗೆ ಬಿತ್ತು. ನಡುವಿನ ಹಸಿರು ತುಂಡು, ಅದರ ಕೆಂಪು ದಡಿ ಅವನಿಗೆ ಗೊತ್ತಿತ್ತು. ಅವನ ತಾಯಿಯ ಇಳಕಲ್ ಸೀರೆ ಅದು. ಎಲ್ಲಿಯದು ಎಂದು ಕೇಳುವಷ್ಟರಲ್ಲಿ ಬಾಗಿಲು ಬಿತ್ತು.

ಸುಭಾಷ ಮತ್ತು ಯಲಗೂರಪ್ಪ ಟ್ರ್ಯಾಕ್ಟರಿನ ನೆರಳಲ್ಲಿ ಗುಗ್ಗರಿ ತಿನ್ನುತ್ತ ಕೂತರು. ಒಳಗಿನಿಂದ ಕುರ್ರ್ ಎಂಬ ಸದ್ದು ಬಂತು, ಆಮೇಲೆ ಗುದ್ದಿನ ಸದ್ದು, ಆಮೇಲೆ ಹುಸೇನಬಿಯ ಧ್ವನಿ: “ಸಾವಕಾಶ ನನ್ನವ್ವಗಳ್ರಾ, ಬೆನ್ನ ನಂದು, ಡೊಳ್ಳಲ್ಲ.” ಆಮೇಲೆ ಎಲ್ಲ ಹೆಂಗಸರೂ ಒಟ್ಟಿಗೆ ನಕ್ಕರು. ಆ ನಗು ಬಹಳ ಹೊತ್ತಿನವರೆಗೂ ನಿಲ್ಲಲೇ ಇಲ್ಲ.

“ಏನ ಅಂತಾರ ಅವ್ರು?” ಎಂದ ಯಲಗೂರಪ್ಪ, ಬಾಗಿಲ ಕಡೆ ಕುತ್ತಿಗೆ ಚಾಚಿ.

“ಗೊತ್ತಿಲ್ರಿ ಮಾಮಾ.”

“ಸುಳ್ಳಾ ಪಳ್ಳಾ ಸುದ್ದಿ ಇರಬೇಕು” ಎಂದು ಯಲಗೂರಪ್ಪ ಸಿಟ್ಟಿನಿಂದ ಗುಗ್ಗರಿ ಅಗಿದ. ಹೀಗೆ ಆ ಶಬ್ದದ ಸಾವಿರ ವರ್ಷದ ಇತಿಹಾಸ ಒಂದು ಟ್ರ್ಯಾಕ್ಟರಿನ ನೆರಳಲ್ಲಿ ಮತ್ತೊಮ್ಮೆ ನಡೆದುಹೋಯಿತು.

ಬಾಗಿಲು ತೆರೆದಾಗ ಭಾಗ್ಯಾಳ ಕಣ್ಣುಗಳು ಒದ್ದೆಯಾಗಿದ್ದವು, ಮುಖದಲ್ಲಿ ನಗುವಿತ್ತು. ಸುಭಾಷ ತೊಟ್ಟಿಲಿಗೆ ಬಾಗಿ, “ಆಲಿವಿಯಾ” ಎಂದು ಕರೆದ. ಹೆಂಗಸರು ಮತ್ತೆ ನಕ್ಕರು. ಕೂಸು ತಿರುಗಿ ನೋಡಲಿಲ್ಲ.

“ಬ್ಯಾರೆ ಹೆಸರ ಇಟ್ಟೀರೇನು?”

“ಅಕ್ಕನ್ನ ಕೇಳ್ರಿ” ಎಂದಳು ಭಾಗ್ಯಾ. “ಬರೂ ರವಿವಾರ ನಾವಿಬ್ರೂ ವಿಜಯಪುರಕ್ಕ ಬರ್ತೀವಿ. ಡ್ರಮ್ ತುಂಬಿಸಿ ಇಡ್ರಿ.”

ಬಬಲೇಶ್ವರದಿಂದ ವಿಜಯಪುರದವರೆಗೆ ಬಸ್ಸಿನಲ್ಲಿ ಸುಭಾಷ ಅಕ್ಕನನ್ನು ಕೇಳಿದ. ಹುಸೇನಬಿ ಎಲ್ಲವನ್ನೂ ಹೇಳಿದಳು. ಮಮದಾಪುರದ ಆಡು ಮೇವು ತಿಂದ ಸುದ್ದಿ ಹೇಳಿದಳು. ಭಾಗ್ಯಾಳ ಚಿಗವ್ವ ಹೊಸ ಹಲ್ಲು ಕಟ್ಟಿಸಿಕೊಂಡಿದ್ದನ್ನು ಹೇಳಿದಳು. ಸಾರವಾಡದಲ್ಲಿ ಬಸ್ಸು ನಿಂತಾಗ, ಟ್ರ್ಯಾಕ್ಟರ್ ಕೇಳಲು ಬಂದಿದ್ದವನ ಮನೆಯನ್ನು ಬೆರಳು ಮಾಡಿ ತೋರಿಸಿ, ಅವನು ಅದನ್ನು ಕೊಂಡೇಬಿಟ್ಟ ಎಂದಳು. ಹೆಸರನ್ನು ಮಾತ್ರ ಹೇಳಲಿಲ್ಲ.

“ತಂದಿ ಇದ್ದೀನಕ್ಕಾ ನಾ.”

“ಬಾಗಲದ ಹೊರಗಿದ್ದಿ. ಸುದ್ದಿ ಹಬ್ಬಸಾಕಿ ಅಂದಿದ್ದ್ಯಲ್ಲ, ಈಗ ನೋಡು, ಒಂದ ಅಕ್ಷರ ಹೊರಗ ಬರಂಗಿಲ್ಲ.”

ಓಣಿ ಸೇರಿದಾಗ ಕಟ್ಟೆಯ ಮೇಲೆ ಸಾಬಣ್ಣ ಕೀಲಿ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದ. ಹುಸೇನಬಿ ಚಹಾಕ್ಕಿಟ್ಟಳು. ಸುಭಾಷ ತನ್ನ ಮನೆಗೆ ಹೋಗಿ, ಅಂಗಿ ಕಳಚಿ, ಕೊಡ ಹಿಡಿದು ಹೊರಗೆ ಬರುವಷ್ಟರಲ್ಲಿ ಓಣಿಯ ಎಲ್ಲ ಮನೆಗಳ ಫೋನುಗಳೂ ಒಮ್ಮೆಲೇ ಸದ್ದು ಮಾಡಿದವು. ಅವನದೊಂದನ್ನು ಬಿಟ್ಟು. ಅವನು ಇನ್ನೂ ಗುಂಪಿನ ಹೊರಗಿದ್ದ.

ಕಾಶಿಬಾಯಿಯ ಬಾಗಿಲ ಮುಂದೆ ಹಾಯುವಾಗ ಒಳಗಿನಿಂದ ಆ ಧ್ವನಿ ಕೇಳಿಸಿತು: “ನೀರ ಬಿಟ್ಟಾನ್ರಿ ಸಾಬಣ್ಣ, ಕೊಡಾ ಹಚ್ರಿ. ಇವತ್ತ ಸುಭಾಷನ ಮಗಳಿಗೆ ಹೆಸರಿಟ್ಟೀವಿ...” ಕಾಶಿಬಾಯಿ ಅವನನ್ನು ಕಂಡದ್ದೇ ಫೋನನ್ನು ಸೆರಗಿನಲ್ಲಿ ಮುಚ್ಚಿದಳು. ಸುಭಾಷ ಮುಂದಿನ ಮನೆಗೆ ಓಡಿದ. ಅಲ್ಲಿ ಸಂದೇಶ ತುಸು ತಡವಾಗಿ ಶುರುವಾಗಿತ್ತು: “...ಹೆಸರಿಟ್ಟೀವಿ. ಕೂಸು ಅಗದೀ ಅವನ ಅವ್ವನಂಗ...” ಅಲ್ಲಿಯ ಮುದುಕ ಅವನನ್ನು ನೋಡಿ ಫೋನನ್ನು ಹಾಸಿಗೆಯ ಕೆಳಗೆ ದೂಡಿದ. ಮೂರನೆಯ ಮನೆಯವರು ಮನೆಯೊಳಗಿರಲಿಲ್ಲ, ನಳದ ಹತ್ತಿರವಿದ್ದರು. ಅವರ ಫೋನು ಕಿಟಕಿಯ ಮೇಲೆ ತಾನೇ ಮಾತಾಡುತ್ತಿತ್ತು. ಸುಭಾಷ ಕೊಡ ಅಪ್ಪಿಕೊಂಡು ಕಿಟಕಿಯ ಕೆಳಗೆ ಕುಕ್ಕರಿಸಿದ.

“...ಅವನ ಅವ್ವನಂಗ ಐತಿ, ಅದಽ ಮೂಗು. ಅದಕ್ಕ ಹೊಳೆವ್ವ ಅಂತ ಇಟ್ಟೀವಿ. ಅವಗ ಇನ್ನಾ ಗೊತ್ತಿಲ್ಲ. ಕಾಶಿಬಾಯಿ, ನಿನಗ ಮದಲ ಹೇಳ್ತೀನಿ, ಯಾರೂ ಅವಗ ಹೇಳಬ್ಯಾಡ್ರಿ.”

ಓಣಿಯಲ್ಲಿ ನಳಗಳು ಕೆಮ್ಮಿ ಸುರಿಯತೊಡಗಿದವು. ಸುಭಾಷ ಬಹಳ ಹೊತ್ತು ಆ ಕಿಟಕಿಯ ಕೆಳಗೇ ಕೂತಿದ್ದ. ಎದ್ದು ಬಂದಾಗ ಎಲ್ಲರೂ ಅವನ ಮುಖ ನೋಡಿದರು.

“ಏನಪಾ, ಏನರ ಸುದ್ದಿ?” ಎಂದಳು ಕಾಶಿಬಾಯಿ, ಬಹಳ ಸಹಜವಾಗಿ.

“ಏನಿಲ್ರಿ” ಎಂದ ಸುಭಾಷ, ಅವಳಿಗಿಂತ ಸಹಜವಾಗಿ.

ಕಟ್ಟೆಯ ಮೇಲೆ ಹುಸೇನಬಿ ತಲೆ ತಗ್ಗಿಸಿ ಹೊಲಿಯುತ್ತಿದ್ದಳು. ಸುಭಾಷ ಕೊಡವನ್ನು ನಳಕ್ಕೆ ಹಚ್ಚಿದ. ಕೊಡ ತುಂಬಿತು. ಅವನೂ ತುಂಬಿದ್ದ. ಗೊತ್ತಿದ್ದೂ ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸವೆಂದು ಅವನಿಗೆ ಯಾವ ಕೋರ್ಸೂ ಕಲಿಸಿರಲಿಲ್ಲ. ಕೊಡವನ್ನು ಅಲ್ಲೇ ಬಿಟ್ಟು, ಮನೆಯೊಳಗೆ ಹೋಗಿ, ಬಾಗಿಲು ಮುಚ್ಚಿ, ತಿಕೋಟಾಕ್ಕೆ ಫೋನು ಹಚ್ಚಿದ.

“ಸಾವಕಾರ್ರ,” ಎಂದು ಧ್ವನಿ ತಗ್ಗಿಸಿದ, “ನಿಮಗ ಒಬ್ಬರಿಗೆ ಹೇಳ್ತೀನಿ. ಯಾರ ಮುಂದೂ ಹೇಳಬ್ಯಾಡ್ರಿ.”